ಚಳಿಗಾಲದಲ್ಲಿ ಕುದುರೆ ಏರಲು ಮನಸ್ಸೇ ಬರುತ್ತಿಲ್ಲ

ಪ್ರಶ್ನೆ: ಚಿಕ್ಕಮಗಳೂರಿನವಳು ನಾನು. ಹದಿಮೂರು ವರ್ಷಗಳಿಂದ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಆಸೆಪಟ್ಟು ಕ್ವಾರ್ಟರ್ ಹಾರ್ಸ್ ತಳಿಯ ಒಂದು ಗಂಡು ಕುದುರೆ ಕೊಂಡೆ. ಮೈಬಣ್ಣ ನೋಡಿ ‘ಬೆಲ್ಲ’ ಎಂದು ಹೆಸರಿಟ್ಟೆ. ಈಗ ಅವನಿಗೆ ಒಂಬತ್ತು ವರ್ಷ. ನಗರದಿಂದ ನಲವತ್ತು ಕಿಲೋಮೀಟರ್ ದೂರದ ಲಾಯವೊಂದರಲ್ಲಿ ತಿಂಗಳ ಬಾಡಿಗೆಗೆ ಇದ್ದಾನೆ. ಬೇಸಿಗೆಯಲ್ಲಿ ವಾರಕ್ಕೆ ನಾಲ್ಕು ದಿನ ಸವಾರಿ ಮಾಡುತ್ತೇನೆ. ನವೆಂಬರಿನಲ್ಲೂ ವಾರಕ್ಕೆ ಎರಡು ಮೂರು ದಿನ ತಪ್ಪಿಸಲಿಲ್ಲ. ಡಿಸೆಂಬರ್ ಮಧ್ಯದಿಂದ ಈವರೆಗೆ ಏರಿದ್ದು ಎರಡೇ ಸಲ. ಕೆಲಸ ಮುಗಿಸಿ ಹೊರಬರುವಷ್ಟರಲ್ಲಿ ಕತ್ತಲು, ರಸ್ತೆಯ ಮೇಲೆ ಮಂಜುಗಡ್ಡೆ, ಬೆರಳುಗಳು ಮರಗಟ್ಟುತ್ತವೆ. ಒಮ್ಮೆ ಹವೆ ಬೆಚ್ಚಗಾಯಿತೆಂದು ಖುಷಿಯಿಂದ ಹೋಗಿದ್ದಾಗ ಅರೀನಾದ (ಸವಾರಿಗೆಂದೇ ಇರುವ, ಮಾಡು ಹಾಕಿದ ಅಂಗಳದ) ಛಾವಣಿಯ ಹಿಮ ಜಾರಿ ಬಿದ್ದು ಅವನು ಬೆದರಿ ಓಡಿದ. ನಾನು ಬೀಳಲಿಲ್ಲ, ಅದೇನೂ ದೊಡ್ಡ ವಿಷಯವಲ್ಲ. ಮನೆಯಲ್ಲಿ ಕುಳಿತರೆ ಅವನಿಗೆ ದ್ರೋಹ ಮಾಡುತ್ತಿದ್ದೇನೆ ಎನ್ನಿಸುತ್ತದೆ. ಹುಮ್ಮಸ್ಸು ಮರಳಿ ಬರುವುದು ಹೇಗೆ? ಅಥವಾ ಅವನನ್ನು ಮಾರಿಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಇದು ಪ್ರತಿ ಜನವರಿಯಲ್ಲೂ ನನಗೆ ಬರುವ ಪತ್ರಗಳಂತೆಯೇ ಇತ್ತು. ಎರಡನೆಯ ಸಲ ಓದುವಾಗ ಒಂದು ವಾಕ್ಯ ಕಾಲಿಗೆ ತೊಡರಿತು: ‘ಅದೇನೂ ದೊಡ್ಡ ವಿಷಯವಲ್ಲ.’ ಕತ್ತಲು, ಮಂಜುಗಡ್ಡೆ, ಮರಗಟ್ಟಿದ ಬೆರಳು ಎಲ್ಲವೂ ನವೆಂಬರಿನಲ್ಲೂ ಇದ್ದವು. ಆದರೂ ನೀವು ಹೋಗುತ್ತಿದ್ದಿರಿ. ಆ ಹಿಮ ಬಿದ್ದ ದಿನ ಯಾವುದೆಂದು ಕ್ಯಾಲೆಂಡರ್ ತೆಗೆದು ನೋಡಿ. ಅದು ಡಿಸೆಂಬರ್ ಮಧ್ಯಕ್ಕೇ ಬಂದು ನಿಂತರೆ ನನಗೆ ಆಶ್ಚರ್ಯವಿಲ್ಲ.

ನಿಮ್ಮ ಊರಿನ ಚಳಿಗಾಲದ ಒಂದು ಕುಚೇಷ್ಟೆ ನಿಮಗೆ ಗೊತ್ತೇ ಇದೆ. ರಾಕಿ ಪರ್ವತಗಳನ್ನು ದಾಟಿ ಇಳಿದು ಬರುವ ಚಿನೂಕ್ ಗಾಳಿ ಕೆಲವೇ ಗಂಟೆಗಳಲ್ಲಿ ಮೈನಸ್ 20 ಡಿಗ್ರಿಯನ್ನು ಸೊನ್ನೆಯ ಮೇಲಕ್ಕೆ ಎತ್ತಿಬಿಡುತ್ತದೆ. ಅಂದು ಎಲ್ಲರೂ ಲಾಯಕ್ಕೆ ಓಡುತ್ತಾರೆ. ವಾರಗಟ್ಟಲೆ ತಗಡಿನ ಛಾವಣಿಗೆ ಕಚ್ಚಿಕೊಂಡಿದ್ದ ಹಿಮ ಸಡಿಲವಾಗುವುದೂ ಅಂದೇ. ಒಳಗಿರುವವರಿಗೆ ಅದು ಗುಡುಗೇ ನೆತ್ತಿಯ ಮೇಲೆ ಉರುಳಿದಂತೆ ಕೇಳಿಸುತ್ತದೆ. ಕುದುರೆಗೆ ಸದ್ದಿನ ಮೂಲ ಕಾಣುವುದಿಲ್ಲ. ಕಾಣದ ಸದ್ದಿಗೆ ಅದರ ಬಳಿ ಇರುವ ಉತ್ತರ ಒಂದೇ, ಓಟ. ಮೈನಸ್ 12ರ ಸ್ಥಿರ ಚಳಿಯಲ್ಲಿ ಹಿಮ ಅಲ್ಲೇ ತೆಪ್ಪಗೆ ಕುಳಿತಿರುತ್ತದೆ. ಸವಾರಿಗೆ ಆ ದಿನವೇ ಮೇಲು. ಸಾಲದ್ದಕ್ಕೆ, ಹೊರಗಿನ ಬಯಲೆಲ್ಲ ಮಂಜುಗಡ್ಡೆಯಾದಾಗ ಕುದುರೆಗಳನ್ನು ಲಾಯದೊಳಗೇ ಕಟ್ಟಿರುತ್ತಾರೆ. ಹೆಜ್ಜೆ ಹಾಕದ ನಾಲ್ಕು ದಿನಗಳ ಕಸುವು ಅವನ ಬೆನ್ನಿನಲ್ಲಿ ಬಿಗಿದ ಬಿಲ್ಲಿನಂತೆ ಕಾದಿರುತ್ತದೆ.

ಆದ್ದರಿಂದ ನಿಮ್ಮದು ಸೋಮಾರಿತನವಲ್ಲ, ಭಯ. ಈ ಮಾತಿಗೆ ಬೇಸರಿಸಬೇಡಿ. ಬಿದ್ದವರಿಗಿಂತ ಬೀಳದೆ ಉಳಿದವರಲ್ಲಿ ಈ ಭಯ ಹೆಚ್ಚು ದಿನ ಅವಿತಿರುವುದನ್ನು ನಾನು ಕಂಡಿದ್ದೇನೆ. ಬಿದ್ದವರು ಊರಿಗೆಲ್ಲ ಹೇಳಿಕೊಂಡು ಹಗುರಾಗುತ್ತಾರೆ. ಬೀಳದವರು ‘ಏನೂ ಆಗಲಿಲ್ಲವಲ್ಲ’ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಚಳಿ, ಕತ್ತಲು, ಕಚೇರಿ ಎಲ್ಲವೂ ನೆಪಕ್ಕೆ ಸಾಲಾಗಿ ಬಂದು ನಿಲ್ಲುತ್ತವೆ. ಇದಕ್ಕೆ ಹುಮ್ಮಸ್ಸಿನ ಮಾತುಗಳು ಮದ್ದಲ್ಲ. ಮುಂದಿನ ಮೂರು ಭೇಟಿಗಳಲ್ಲಿ ಜೀನು ಮುಟ್ಟಲೇಬೇಡಿ. ಅದೇ ಅರೀನಾದಲ್ಲಿ ಅವನನ್ನು ಹಗ್ಗ ಹಿಡಿದು ನಡೆಸಿ. ಸದ್ದು ಕೇಳಿದ ಆ ಮೂಲೆಯಲ್ಲಿ ನಿಲ್ಲಿಸಿ, ಅವನು ತಲೆ ತಗ್ಗಿಸಿ ಉಸಿರು ಬಿಡುವವರೆಗೆ ಕಾಯಿರಿ. ನಾಲ್ಕನೆಯ ಸಲ, ಶಾಂತ ಸ್ವಭಾವದ ಇನ್ನೊಂದು ಕುದುರೆ ಜೊತೆಗಿರುವಾಗ ಏರಿ, ಹದಿನೈದು ನಿಮಿಷ ನಡಿಗೆಯಲ್ಲೇ ಓಡಾಡಿಸಿ ಇಳಿಯಿರಿ. ಇನ್ನೂ ಇರೋಣ ಎನ್ನಿಸುತ್ತಿರುವಾಗಲೇ ಇಳಿಯಬೇಕು. ತರಬೇತುದಾರರೊಬ್ಬರು ಪಕ್ಕದಲ್ಲಿದ್ದರೆ ಮತ್ತೂ ಒಳ್ಳೆಯದು.

ಇನ್ನು ದ್ರೋಹದ ಮಾತು. ನೀವು ಏರದಿದ್ದರೆ ಬೆಲ್ಲನಿಗೆ ಏನು ನಷ್ಟ? ಏನೂ ಇಲ್ಲ. ಚಳಿಗಾಲದಲ್ಲಿ ಅವನಿಗೆ ಬೇಕಾದದ್ದು ಹುಲ್ಲು, ನೀರು, ಜೊತೆಗಾರರು, ಓಡಾಡಲು ಜಾಗ. ಒಣಗಿದ, ದಟ್ಟವಾದ ಚಳಿಗಾಲದ ಕೂದಲಿರುವ, ಆ ಹವೆಗೆ ಒಗ್ಗಿದ ಕುದುರೆ ಸುಮಾರು ಮೈನಸ್ 15ರವರೆಗೆ ಮೈ ಬಿಸಿಗೆಂದು ಹೆಚ್ಚಿನ ಮೇವು ಕೇಳುವುದಿಲ್ಲ. ಅದಕ್ಕಿಂತ ಕೆಳಗಿಳಿದರೆ, ಒಂದೊಂದು ಡಿಗ್ರಿಗೂ ಮೇವನ್ನು ಸುಮಾರು ಶೇಕಡ 2.5ರಷ್ಟು ಹೆಚ್ಚಿಸುವುದು ರೂಢಿ. ದಿನಕ್ಕೆ 10 ಕಿಲೋ ಒಣಹುಲ್ಲು ತಿನ್ನುವ ಕುದುರೆಗೆ ಮೈನಸ್ 25ರಲ್ಲಿ ಹನ್ನೆರಡೂವರೆ ಕಿಲೋ ಬೇಕು. ನಮ್ಮ ಕಡೆ ಕುದುರೆ ಎಂದರೆ ಹುರಳಿ ಎಂದೇ ಲೆಕ್ಕ. ಚಳಿ ಹೆಚ್ಚಾದರೆ ಬಿಸಿ ಹುರಳಿಯನ್ನೋ ಧಾನ್ಯದ ಗಂಜಿಯನ್ನೋ ಕೊಡಬೇಕೆಂದು ಕೈ ತುಡಿಯುತ್ತದೆ. ಆದರೆ ಒಳಗಿನ ಒಲೆ ಉರಿಯುವುದು ಹುಲ್ಲಿನಿಂದ. ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುವಾಗ ಹುಟ್ಟುವ ಶಾಖವೇ ಅವನ ಕಂಬಳಿ. ನೀರಿನ ಬಗ್ಗೆ ಮಾತ್ರ ಲಾಯದವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ತೊಟ್ಟಿ ಹೆಪ್ಪುಗಟ್ಟಿದರೆ ಕುದುರೆ ಕಡಿಮೆ ಕುಡಿಯುತ್ತದೆ, ಒಣಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನನ್ನ ಫೋನು ಬಡಿದುಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಹಿಮ ತಿಂದು ಬದುಕುತ್ತದೆ ಬಿಡಿ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾದರೆ ಕುದುರೆಗೆ ನಿಜವಾಗಿ ತೊಂದರೆ ಕೊಡುವುದು ಯಾವುದು? ಪಾಪಪ್ರಜ್ಞೆಯ ಭಾನುವಾರ. ಮೂರು ವಾರ ಅತ್ತ ಸುಳಿಯದೆ, ನಾಲ್ಕನೆಯ ಭಾನುವಾರ ಮನಸ್ಸು ಚುಚ್ಚಿ ಹೋಗಿ, ಬಿಟ್ಟದ್ದನ್ನೆಲ್ಲ ಒಂದೇ ಗಂಟೆಯಲ್ಲಿ ತುಂಬಿಸಿಕೊಳ್ಳುವವರಂತೆ ಓಡಿಸುವುದು. ಮೈ ಹದ ತಪ್ಪಿದ ಕುದುರೆಯ ಬೆನ್ನು ನೋಯುತ್ತದೆ, ಕಾಲಿನ ನರ ಹಿಡಿಯುತ್ತದೆ. ದಟ್ಟ ಕೂದಲು ಬೆವರಿನಲ್ಲಿ ತೊಯ್ದರೆ ಒಣಗಲು ಒಂದು ಗಂಟೆಗಿಂತ ಹೆಚ್ಚು ಬೇಕು. ನೀವು ಅಷ್ಟು ಹೊತ್ತು ಕಾಯುವುದಿಲ್ಲ, ಅವನು ಒದ್ದೆ ಮೈಯಲ್ಲೇ ರಾತ್ರಿ ಕಳೆಯುತ್ತಾನೆ. ಒದ್ದೆ ಕೂದಲು ನಿಮಿರಿ ನಿಲ್ಲದು. ನಿಮಿರಿ ನಿಲ್ಲದ ಕೂದಲಿನಲ್ಲಿ ಬೆಚ್ಚನೆಯ ಗಾಳಿ ನಿಲ್ಲದು.

ಆದ್ದರಿಂದ ಈ ವಾರವೇ ತೀರ್ಮಾನಿಸಿ. ಮಾರ್ಚ್ ಮಧ್ಯದವರೆಗೆ ರಜೆ ಕೊಡುವುದಾದರೆ ಪೂರ್ತಿ ಕೊಡಿ, ತಲೆತಗ್ಗಿಸದೆ ಕೊಡಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವರು ಬರಲಿ, ದಿನವೂ ಅವನನ್ನು ಹೊರಗೆ ಬಿಡಲಿ. ವಸಂತದಲ್ಲಿ ಮೊದಲ ನಾಲ್ಕರಿಂದ ಆರು ವಾರ ನಡಿಗೆಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಮೇಲೇರಿಸಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಬಹುಶಃ ಇದನ್ನೇ ಆರಿಸಿಕೊಳ್ಳುತ್ತಿದ್ದೆ.

ಇಲ್ಲ, ಒಂದಿಷ್ಟಾದರೂ ಮಾಡುತ್ತೇನೆ ಎನ್ನುವುದಾದರೆ ವಾರಕ್ಕೆ ಎರಡು ದಿನ ಗೊತ್ತುಮಾಡಿ, ಕೆಲಸವನ್ನು ಕಿರಿದಾಗಿಸಿ. ಮೈ ಬೆಚ್ಚಗಾಗಲು ಹದಿನೈದು ನಿಮಿಷ ನಡಿಗೆ, ಒಂದಿಷ್ಟು ಟ್ರಾಟ್ (ಹಗುರ ಓಟ), ಮತ್ತೆ ನಡಿಗೆ. ಮೈನಸ್ 20ರ ಕೆಳಗೆ ಅದೂ ಬೇಡ. ಆ ಒಣ ತಣ್ಣನೆಯ ಗಾಳಿಯನ್ನು ಏದುಸಿರಿನಲ್ಲಿ ಎಳೆದುಕೊಂಡರೆ ಶ್ವಾಸನಾಳ ಉರಿಯೂತಕ್ಕೆ ತುತ್ತಾಗುತ್ತದೆ. ಕಡಿವಾಣದ ಕಬ್ಬಿಣವನ್ನು ಬಾಯಿಗೆ ಕೊಡುವ ಮುನ್ನ ಬರಿಗೈಯಲ್ಲಿ ಹಿಡಿದು ನೋಡಿ. ನಿಮ್ಮ ಅಂಗೈಗೆ ಸಹಿಸಲಾಗದ್ದು ಅವನ ನಾಲಿಗೆಗೂ ಸಹಿಸದು.

ಏರದ ದಿನ ಕ್ಯಾರೆಟ್ ಒಯ್ಯಿರಿ. ಕ್ಯಾರೆಟ್ ತೋರಿಸಿ ಅವನ ಗದ್ದವನ್ನು ಎದೆಯತ್ತ, ಪಕ್ಕೆಯತ್ತ, ಮುಂಗಾಲುಗಳ ನಡುವೆ ತರಿಸಿ, ಕೆಲವು ಸೆಕೆಂಡು ಅಲ್ಲೇ ಹಿಡಿಸಿ. ಮಕ್ಕಳಾಟದಂತೆ ಕಾಣುತ್ತದೆ, ಹೌದು. ಆದರೆ ಕುದುರೆಗಳ ಚಲನೆಯ ಸಂಶೋಧಕಿ ಹಿಲರಿ ಕ್ಲೇಟನ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಐದು ದಿನದಂತೆ ಮೂರು ತಿಂಗಳು ಇದನ್ನೇ ಮಾಡಿದ ಎಂಟು ಕುದುರೆಗಳ ಬೆನ್ನುಮೂಳೆಯನ್ನು ಹಿಡಿದು ನಿಲ್ಲಿಸುವ ಮಲ್ಟಿಫಿಡಸ್ ಸ್ನಾಯು ದಪ್ಪವಾಗಿತ್ತು. ಜೀನು ಬೇಡ, ಬೆವರಿಲ್ಲ, ಇಪ್ಪತ್ತು ನಿಮಿಷದ ಕೆಲಸ. ಕ್ಯಾರೆಟ್ ಕೋಟಿನ ಒಳಜೇಬಿನಲ್ಲಿರಲಿ. ಕಾರಿನ ಡಿಕ್ಕಿಯಲ್ಲಿಟ್ಟರೆ ನೀವು ತಲುಪುವಷ್ಟರಲ್ಲಿ ಕಡ್ಡಿಕಲ್ಲಾಗಿರುತ್ತದೆ.

ರಜೆ ಕೊಟ್ಟರೂ ಕೊಡದಿದ್ದರೂ ಒಂದನ್ನು ಮಾತ್ರ ಬಿಡಬೇಡಿ. ವಾರಕ್ಕೊಮ್ಮೆ ಗವಸು ತೆಗೆದು, ಐದೂ ಬೆರಳುಗಳನ್ನು ಅವನ ಕೂದಲಿನೊಳಗೆ ಇಳಿಸಿ ಪಕ್ಕೆಲುಬು ಮುಟ್ಟಿ ನೋಡಿ. ಕೆಲವು ವರ್ಷಗಳ ಹಿಂದೆ ಫೆಬ್ರವರಿಯಲ್ಲಿ ಒಂದು ಮುದಿ ಹೆಣ್ಣು ಕುದುರೆಯ ಹಲ್ಲು ನೋಡಲು ಕರೆದಿದ್ದರು. ದೂರದಿಂದ ಕರಡಿಮರಿಯಂತೆ ಗುಂಡುಗುಂಡಾಗಿ ಕಂಡಿತು. ‘ಚೆನ್ನಾಗಿ ತಿನ್ನುತ್ತಾಳೆ’ ಎಂದರು ಮನೆಯವರು. ಕೈ ಇಟ್ಟೆ. ಎರಡು ಅಂಗುಲ ಕೂದಲಿನ ಕೆಳಗೆ ಎಲುಬುಗಳು ಹಾರ್ಮೋನಿಯಂ ಮನೆಗಳಂತೆ ಒಂದೊಂದಾಗಿ ಬೆರಳಿಗೆ ಸಿಕ್ಕವು. ಹಲ್ಲು ಸವೆದು, ಅಗಿದ ಹುಲ್ಲನ್ನೆಲ್ಲ ಉಂಡೆ ಕಟ್ಟಿ ಉಗುಳುತ್ತಿದ್ದಳು. ಎರಡು ತಿಂಗಳಿಂದ ಅವಳ ಮೈಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಟೆಕ್ಸಾಸ್‌ನ ಸಂಶೋಧಕ ಹೆನೆಕೆ 1983ರಲ್ಲಿ ರೂಪಿಸಿದ 1ರಿಂದ (ತೀರಾ ಬಡಕಲು) 9ರವರೆಗಿನ (ಅತಿ ಬೊಜ್ಜು) ಮೈಕಟ್ಟಿನ ಅಂಕಗಳನ್ನು ನಾವು ಇಂದಿಗೂ ಬಳಸುತ್ತೇವೆ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಗೆ ಸುಲಭವಾಗಿ ಸಿಕ್ಕಿದರೆ 5. ಬೆಲ್ಲ ಐದು ಆರರ ನಡುವೆ ಇದ್ದರೆ ನಿಮ್ಮ ಚಳಿಗಾಲದ ಕರ್ತವ್ಯ ಮುಗಿಯಿತು.

ಒಂದು ಮಾತು ನಿಮ್ಮ ಬಗ್ಗೆ. ಡಿಸೆಂಬರಿನ ಕೊನೆಯಲ್ಲಿ ಕ್ಯಾಲ್ಗರಿಯ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಕುದುರೆಯೊಂದೇ ಅಲ್ಲದೆ ಅಡುಗೆ, ಗೆಳತಿಯರು, ಓದು ಎಲ್ಲದರಿಂದಲೂ ಮನಸ್ಸು ಹಿಂದೆ ಸರಿಯುತ್ತಿದ್ದರೆ, ಎಷ್ಟು ಮಲಗಿದರೂ ಸಾಲದೆನ್ನಿಸುತ್ತಿದ್ದರೆ, ನನಗಲ್ಲ, ನಿಮ್ಮ ವೈದ್ಯರಿಗೆ ಹೇಳಿ. ಋತುಮಾನದ ಖಿನ್ನತೆಯನ್ನು ವೈದ್ಯರು 1984ರಷ್ಟು ಹಿಂದೆಯೇ ಹೆಸರಿಟ್ಟು ಗುರುತಿಸಿದ್ದಾರೆ. ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ ದೀಪದ ಮುಂದೆ ಕೂರಿಸುವ ಚಿಕಿತ್ಸೆಯೂ ಇದೆ. ಅದು ಯಾರಿಗೆ ಸರಿ, ಯಾರಿಗೆ ಅಲ್ಲ ಎಂದು ಅವರೇ ಹೇಳಬೇಕು.

ಮಾರುವ ಪ್ರಶ್ನೆ: ಈಗ ಬೇಡ. ಹುಲ್ಲು ದುಬಾರಿಯಾದ ತಿಂಗಳುಗಳಲ್ಲಿ ಕುದುರೆಗೆ ಬೆಲೆಯೂ ಬರುವುದಿಲ್ಲ. ನೆಲ ಒಣಗಿ, ನೀವು ಹತ್ತು ಸಲ ಏರಿ ಇಳಿದ ಮೇಲೂ ಇದೇ ಪ್ರಶ್ನೆ ಉಳಿದಿದ್ದರೆ ಮೇ ತಿಂಗಳಲ್ಲಿ ಮತ್ತೆ ಬರೆಯಿರಿ. ಅಲ್ಲಿಯವರೆಗೆ ಬಾಡಿಗೆಯ ಭಾರ ಹೆಚ್ಚೆನ್ನಿಸಿದರೆ ನಿಮ್ಮ ಲಾಯದಲ್ಲೇ ವಿಚಾರಿಸಿ. ಸ್ವಂತ ಕುದುರೆಯಿಲ್ಲದೆ ಬೇಲಿಗೆ ಗಲ್ಲ ಒತ್ತಿ ನಿಂತಿರುವ, ಚೆನ್ನಾಗಿ ಸವಾರಿ ಬಲ್ಲ ಹುಡುಗಿಯೊಬ್ಬಳು ಪ್ರತಿ ಲಾಯದಲ್ಲೂ ಇರುತ್ತಾಳೆ. ಖರ್ಚಿನಲ್ಲಿ ಒಂದು ಪಾಲು ಕೊಟ್ಟು ವಾರಕ್ಕೆ ಎರಡು ದಿನ ಅವಳು ಏರಲಿ. ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ, ವಿಮೆ ಯಾರದೆಂದು ಅದರಲ್ಲಿರಲಿ, ಚಿನೂಕ್ ಬೀಸಿದ ದಿನ ಅರೀನಾದೊಳಗೆ ಸವಾರಿ ಇಲ್ಲ ಎಂಬುದನ್ನೂ ಸೇರಿಸಿ.