ಆಪ್ತಸಲಹೆ ಪ್ರಕರಣ: ಒಂದೇ ಭಾನುವಾರ, ಎರಡು ಲೆಕ್ಕ

(ದಂಪತಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ದಾವಣಗೆರೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಈ ದಂಪತಿಗೆ ಮದುವೆಯಾಗಿ ಎರಡು ವರ್ಷವಾಗಿದೆ. ಪತಿಯ ಕೆಲಸ ಚಿತ್ರದುರ್ಗದ ಸಹಕಾರ ಸಂಘವೊಂದರಲ್ಲಿ. ಹೋಗಿಬರುವ ದಾರಿಯೇ ದಿನಕ್ಕೆ ಸುಮಾರು 120 ಕಿಲೋಮೀಟರು. ಪತ್ನಿ ಬಿ.ಇಡಿ. ಎರಡನೆಯ ವರ್ಷದಲ್ಲಿದ್ದು, ಸಂಜೆ ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ. ಅತ್ತೆ, ಮಾವ ಇರುವುದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ; ಆಕೆಯ ತಂದೆ ಹರಿಹರದಲ್ಲಿ ಒಬ್ಬರೇ ಇದ್ದಾರೆ. ತಮಗೆ ಸಮಯವೇ ಸಾಲುತ್ತಿಲ್ಲ, ಅದನ್ನು ಹೊಂದಿಸಿಕೊಳ್ಳುವ ದಾರಿ ಹೇಳಿಕೊಡಬೇಕು ಎಂಬುದು ಇಬ್ಬರ ಕೋರಿಕೆಯಾಗಿತ್ತು.

ಕಳೆದ ವಾರ ಹೇಗೆ ಕಳೆಯಿತು ಎಂಬುದನ್ನು ಒಬ್ಬರದನ್ನೊಬ್ಬರು ನೋಡದೆ ಬರೆದುಕೊಡಲು ಹೇಳಿದೆ. ಪತಿಯ ಹಾಳೆಯಲ್ಲಿ ಭಾನುವಾರದ ಎದುರು ‘ರಜೆ, ಊರಿಗೆ ಹೋಗಿದ್ದೆವು’ ಎಂದಷ್ಟೇ ಇತ್ತು. ಪತ್ನಿಯ ಹಾಳೆಯಲ್ಲಿ ಅದೇ ಭಾನುವಾರ ಬೆಳಗಿನ ಐದು ಗಂಟೆಗೆ ಬಟ್ಟೆ ಒಗೆಯುವುದರಿಂದ ತೊಡಗಿ, ಜಗಳೂರಿನ ಬಸ್ಸು, ಅತ್ತೆಯ ಮನೆಯಲ್ಲಿ ಬಂದವರಿಗೆಲ್ಲ ರೊಟ್ಟಿ ಬಡಿಯುವುದು, ರಾತ್ರಿ ಮರಳಿದ ಮೇಲೆ ಸೋಮವಾರದ ಪಾಠಯೋಜನೆ ಬರೆಯುವುದು ಎಂದು ಹಾಳೆಯ ಬೆನ್ನಿಗೂ ಹರಿದಿತ್ತು. ಪತಿ ಅದನ್ನು ಎರಡು ಸಲ ಓದಿ, "ಇದನ್ನೆಲ್ಲ ನೀನು ಹೇಳಲೇ ಇಲ್ಲವಲ್ಲ" ಎಂದರು. "ನೀವು ಕೇಳಿದ್ದು ಯಾವಾಗ ರೀ?" ಎಂದರು ಆಕೆ.

ಆ ಪ್ರಶ್ನೆಯ ಜಾಡು ಹಿಡಿದಾಗ ತಿಳಿದದ್ದಿಷ್ಟು. ತಾಯಿ ಫೋನು ಮಾಡಿ ಗೃಹಪ್ರವೇಶ, ಸೀಮಂತ, ಜಾತ್ರೆ ಎಂದ ಕೂಡಲೇ ಮಗ "ಆಯ್ತವ್ವ, ಬರ್ತೀವಿ" ಎಂದುಬಿಡುತ್ತಾರೆ. ಪತ್ನಿಗೆ ತಲುಪುವುದು ತೀರ್ಮಾನ ಮಾತ್ರ. ಆಕೆ ಒಲ್ಲೆನೆಂದರೆ, "ಅವಳು ಬರಲ್ಲ ಅಂತಾಳೆ" ಎಂಬ ಮಾತು ಊರಿಗೆ ಮುಟ್ಟುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ "ಬಸ್ಸಿಗೆ ದುಡ್ಡೂ ಬೇಡ, ಬರೋಕೇನು?" ಎಂಬ ಮಾತೂ ಸೇರಿಕೊಂಡಿತು. ಟಿಕೆಟ್ಟು ಉಚಿತವಾದ ಮಾತ್ರಕ್ಕೆ ದಿನ ಉಚಿತವಾಗುವುದಿಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಂತಿರಲಿಲ್ಲ. ಬಿ.ಇಡಿ.ಯ ಭಾಗವಾಗಿ ಶಾಲೆಯಲ್ಲಿ ಪಾಠ ಮಾಡುವ ಇಂಟರ್ನ್‌ಶಿಪ್ ಅವಧಿಯಲ್ಲಿ ಶೇ. 90ರಷ್ಟು ಹಾಜರಾತಿ ಕಡ್ಡಾಯವೆಂಬುದೂ ಪತಿಗೆ ಗೊತ್ತಾದದ್ದು ನನ್ನೆದುರಿಗೇ.

ಹೀಗಾಗಿ ವೇಳಾಪಟ್ಟಿಯ ಗೋಜಿಗೆ ನಾನು ಹೋಗಲಿಲ್ಲ. ತಾಯಿಯ ಫೋನಿಗೆ "ಮನೇಲಿ ಮಾತಾಡಿ ರಾತ್ರಿ ಹೇಳ್ತೀನಿ" ಎಂದು ಮಾತ್ರ ಉತ್ತರಿಸಬೇಕು, ಹೋಗಲಾಗದಿದ್ದರೆ "ಈ ಸಲ ನಮಗೆ ಆಗಲ್ಲ" ಎಂದು ತಾವೇ ಹೇಳಬೇಕು, ಪತ್ನಿಯ ಹೆಸರನ್ನು ಅಡ್ಡ ಹಿಡಿಯಬಾರದು ಎಂದು ಪತಿಗೆ ತಿಳಿಸಿದೆ. ಹರಿಹರದ ತಂದೆಗೆ ಉತ್ತರಿಸುವಾಗ ಪತ್ನಿಯೂ ಇದೇ ನಿಯಮ ಪಾಲಿಸಬೇಕು. ಇಂಟರ್ನ್‌ಶಿಪ್ ಮುಗಿಯುವವರೆಗೆ ಊರಿನ ಕಾರ್ಯಗಳಿಗೆ ಪತಿ ಒಬ್ಬರೇ ಹೋಗಿಬರುವುದೆಂದೂ, ತಿಂಗಳಿಗೊಂದು ಭಾನುವಾರ ಇಬ್ಬರೂ ಹೋಗುವುದೆಂದೂ ಒಪ್ಪಿದರು. ತಂದೆಯನ್ನು ನೋಡಲು ತಿಂಗಳ ಇನ್ನೊಂದು ಭಾನುವಾರ ಹರಿಹರಕ್ಕೆಂದು ಸೂಚಿಸಿದವರು ಪತಿಯೇ.

ಪತ್ನಿಗೆ ಹೇಳಬೇಕಾದದ್ದೂ ಇತ್ತು. ಭಾನುವಾರ ಮಾತಿಲ್ಲದೆ ರೊಟ್ಟಿ ಬಡಿದು ಬುಧವಾರ ರಾತ್ರಿ ಹನ್ನೊಂದಕ್ಕೆ ಸಿಡಿದರೆ, ಬೆಳಿಗ್ಗೆ ಆರರ ಬಸ್ಸು ಹಿಡಿಯಬೇಕಾದ ಮನುಷ್ಯನಿಗೆ ಕಾರಣವೇ ತಿಳಿಯುವುದಿಲ್ಲ. ಟ್ಯೂಷನ್ ಬಿಡಿ ಎಂದು ಹೇಳಲು ಹೊರಟಿದ್ದ ನಾನು, ಕಾಲೇಜಿನ ಶುಲ್ಕಕ್ಕೆ ಗಂಡನ ಮುಂದೆ ಕೈಚಾಚಬಾರದೆಂದೇ ಆಕೆ ಅದನ್ನು ನಡೆಸುತ್ತಿದ್ದಾರೆಂದು ಕೇಳಿ, ಮೊದಲು ಮನೆಯ ಖರ್ಚಿನ ಲೆಕ್ಕವನ್ನು ಇಬ್ಬರೂ ಕೂತು ನೋಡಿ ಎಂದೆ. ಆ ಲೆಕ್ಕವಾದ ಮೇಲೆ ಎರಡು ಬ್ಯಾಚುಗಳಲ್ಲಿ ಒಂದನ್ನು ಆಕೆಯೇ ನಿಲ್ಲಿಸಿದರು.

ಮುಂದಿನ ಭೇಟಿಯ ಹೊತ್ತಿಗೆ ಅತ್ತೆ ಒಂದೆರಡು ಸಲ ಮುನಿಸಿಕೊಂಡಿದ್ದರು, ಆದರೆ ಆ ಮುನಿಸು ಮಗನ ಮೇಲಿತ್ತು. ಇದನ್ನು ನಾನು ಪ್ರಗತಿಯೆಂದೇ ಬರೆದುಕೊಂಡೆ. ಮಗು ಮಾಡಿಕೊಳ್ಳುವ ವಿಚಾರ ಮಾತ್ರ ಇನ್ನೂ ಬಗೆಹರಿದಿಲ್ಲ. ಆ ಮಾತಿಗೆ ಅವ್ವನನ್ನೂ ಕರೆತರಲೇ ಎಂದು ಪತಿ ಕೇಳಿದರು. ಸದ್ಯಕ್ಕೆ ನೀವಿಬ್ಬರೇ ಬನ್ನಿ ಎಂದಿದ್ದೇನೆ.