ಅಣ್ಣನ ಕಾರ್ಡು ತಂಗಿಯ ಕೈಯಲ್ಲಿ

"ಅವನಿಗೆ ಗೊತ್ತಾಗುವುದಿಲ್ಲ, ನೀನೇ ಬಿಟ್ಟುಕೊಡು."

ಈ ಮಾತನ್ನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಕೆಟ್ಟವರೇನಲ್ಲ, ಸುಸ್ತಾಗಿ ಹೋದವರು. ಆದರೆ ಹೇಳುತ್ತಿರುವುದು ಯಾರಿಗೆ ಎಂದು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಎರಡು, ಎರಡೂವರೆ ವರ್ಷದ ಮಗುವಿಗೆ. ಕಳೆದ ಮಳೆಗಾಲದಲ್ಲಿ ಉಡುಪಿಯಲ್ಲಿ ಸಲಹೆ ಕೇಳಲು ನನ್ನ ಹತ್ತಿರ ಬಂದ ಒಂದು ಕುಟುಂಬದ ವಿಷಯ ಬರೆಯುತ್ತಿರುವುದು ಅದಕ್ಕೇ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಮಲ್ಪೆ ಕಡೆಯವರು. ಅಪ್ಪ ಆಳಸಮುದ್ರದ ಬೋಟಿಗೆ ಹೋಗುತ್ತಾರೆ, ಹೋದರೆ ಎಂಟು ಹತ್ತು ದಿನ ಮನೆಗಿಲ್ಲ. ಮನೆಯಲ್ಲಿ ಅಮ್ಮ, ಅಪ್ಪನ ತಾಯಿ, ಎಂಟು ವರ್ಷದ ಮಗ, ಎರಡು ವರ್ಷ ಐದು ತಿಂಗಳ ಮಗಳು. ಮಗನಿಗೆ ಆಟಿಸಂ, ಅಂದರೆ ಮಾತು, ಜನರೊಡನೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ಅವನಿಗೆ ಮಾತು ತುಂಬ ಕಡಿಮೆ. ವಾರಕ್ಕೆ ಮೂರು ದಿನ ಥೆರಪಿ, ಅದರ ಮೇಲೆ ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಅಭ್ಯಾಸ. ಆದರೆ ಅವರು ಬಂದದ್ದು ಮಗಳ ಹಠಕ್ಕೆ ಮದ್ದು ಕೇಳಿಕೊಂಡು.

ಎಲ್ಲದಕ್ಕೂ "ಬೊಡ್ಚಿ" ಅಂತೆ, ತುಳುವಿನಲ್ಲಿ ಬೇಡ ಎಂದು. ತಲೆ ಬಾಚಲು ಹೋದರೆ ಬೊಡ್ಚಿ, ಅಂಗಿ ಹಾಕಲು ಹೋದರೆ ಬೊಡ್ಚಿ. ಗಂಜಿ ಬಟ್ಟಲು ನೂಕಿಬಿಡುತ್ತಾಳೆ. ಅಣ್ಣ ಗೋಡೆ ಬದಿಗೆ ಸಾಲಾಗಿ ಜೋಡಿಸಿದ ಬಾಟ್ಲಿ ಮುಚ್ಚಳಗಳನ್ನು ಬೇಕೆಂದೇ ಕಾಲಲ್ಲಿ ಒದೆಯುತ್ತಾಳೆ. ಅವನು ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಇವಳೂ ನೆಲಕ್ಕೆ ಬಿದ್ದು ಹೊರಳುತ್ತಾಳೆ. ಇಷ್ಟು ಹೇಳಿ ಮುಗಿಸಿ ಆ ತಾಯಿ ಸ್ವರ ತಗ್ಗಿಸಿದರು. "ಇವಳಿಗೂ ಅದೇ ಇರಬಹುದಾ ಮೇಡಂ?"

ಅದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರೆ ಆಮೇಲೆ ಹುಟ್ಟುವ ಐದು ಮಕ್ಕಳಲ್ಲಿ ಸುಮಾರು ಒಬ್ಬರಲ್ಲಿ ಅದು ಕಾಣಿಸುತ್ತದೆ ಎಂದು ದೊಡ್ಡ ಅಧ್ಯಯನಗಳೇ ಹೇಳಿವೆ. ಹಾಗಾಗಿ "ಏನೂ ಇರಲಿಕ್ಕಿಲ್ಲ ಬಿಡಿ" ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಎಂ-ಚಾಟ್ ಎಂಬ 20 ಪ್ರಶ್ನೆಗಳ ಒಂದು ಪರೀಕ್ಷೆ ಉಂಟು, 16ರಿಂದ 30 ತಿಂಗಳೊಳಗಿನ ಮಕ್ಕಳಿಗೆ. ಬೆರಳು ತೋರಿಸಿ ಕೇಳುತ್ತದಾ, ಹೆಸರು ಕರೆದರೆ ತಿರುಗುತ್ತದಾ, ತನಗೆ ಖುಷಿಯಾದದ್ದನ್ನು ತಂದು ನಿಮಗೆ ತೋರಿಸುತ್ತದಾ, ಇಂಥವು. ಅದನ್ನೂ ಮಾಡಿದರು, ಮಗುವನ್ನು ಬೇರೆಯಾಗಿಯೂ ನೋಡಿದರು. ಚಿಂತೆ ಮಾಡುವಂಥದ್ದು ಏನೂ ಕಾಣಲಿಲ್ಲ.

ತಾಯಿಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ಸಿಟ್ಟು ಬಂತು. "ಹಾಗಾದರೆ ಇವಳಿಗೆ ಏನು ಧಾಡಿ? ಅವನಿಗಾದರೆ ಆಗುವುದಿಲ್ಲ. ಸರಿ ಇರುವವಳು ಸರಿ ಇರಬೇಕಲ್ವಾ ಮೇಡಂ?"

ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಎರಡನೇ ಸಲ ಬಂದಾಗ ಮಗಳೇ ಕೊಟ್ಟಳು.

ಜೂನ್ ಕೊನೆ. ಜೋರು ಮಳೆ ಅಂತ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಹಾಗಾಗಿ ಇಬ್ಬರನ್ನೂ ಕರೆದುಕೊಂಡೇ ಬಂದಿದ್ದರು. ದೊಡ್ಡವನು ಕಿಟಕಿ ಹತ್ತಿರ ನಿಂತು ಸರಳಿನ ಮೇಲೆ ಇಳಿಯುವ ನೀರಿನ ಹನಿಗಳನ್ನು ನೋಡುತ್ತಿದ್ದ. ಚಿಕ್ಕವಳು ಚಾಪೆಯ ಮೇಲೆ. ತಾಯಿ ನನ್ನೊಡನೆ ಮಾತಾಡುತ್ತಿದ್ದರು, ಮಗನ ಹೊಸ ಥೆರಪಿಸ್ಟ್ ಬಗ್ಗೆ. ಮಗಳು "ಅಮ್ಮಾ" ಎಂದಳು. ಸ್ವಲ್ಪ ಬಿಟ್ಟು ಪುನಃ "ಅಮ್ಮಾ". ನನ್ನ ಕಿವಿ ಅಲ್ಲೇ ಇತ್ತು. ಏಳು ಸಲ ಕರೆದಳು. ತಾಯಿಗೆ ಕೇಳಿಸಲೇ ಇಲ್ಲ. ಅವರು ನಾಟಕ ಮಾಡುತ್ತಿರಲಿಲ್ಲ, ನಿಜವಾಗಿ ಕೇಳಿಸಿರಲಿಲ್ಲ.

ಆಗ ಅವಳು ಎದ್ದಳು. ಅಣ್ಣನ ಚೀಲದ ಜಿಪ್ ಎಳೆದು ಒಂದು ಫೈಲು ತೆಗೆದಳು. ಮಾತು ಬಾರದ ಮಕ್ಕಳಿಗೆ ಕೊಡುವ ಚಿತ್ರದ ಕಾರ್ಡುಗಳ ಫೈಲು ಅದು. ನೀರಿನ ಲೋಟ, ಕಕ್ಕಸು, ಉಯ್ಯಾಲೆ, ಒಂದೊಂದು ಚಿತ್ರಕ್ಕೂ ಲ್ಯಾಮಿನೇಷನ್, ಹಿಂದೆ ವೆಲ್ಕ್ರೋ. ಅವಳು ಹಾಳೆ ತಿರುಗಿಸಿದಳು. ಒಂದು ಕಾರ್ಡನ್ನು ಚರ್ ಎಂದು ಕಿತ್ತು ತಂದು, ಬಾಯಿ ಬಿಡದೆ, ತಾಯಿಯ ಮುಖದೆದುರು ಹಿಡಿದಳು.

ತಾಯಿ ಥಟ್ಟನೆ ತಿರುಗಿದರು. "ಅದು ಅಣ್ಣನದ್ದು, ಅಲ್ಲೇ ಇಡು!"

ಮಗು ಕಾರ್ಡನ್ನು ಎಸೆದು ಚಾಪೆಗೆ ಬಿದ್ದಿತು. ದಿನಾ ಆಗುವ ಅದೇ ಅಳು, ಅದೇ ಒದೆತ. "ನೋಡಿದಿರಾ ಮೇಡಂ" ಎಂದರು ತಾಯಿ. ನಾನು ಕಾರ್ಡು ಹೆಕ್ಕಿ ಅವರ ಕೈಗೆ ಕೊಟ್ಟೆ. "ಇದರಲ್ಲಿ ಯಾವ ಚಿತ್ರ ಉಂಟು, ಒಮ್ಮೆ ನೋಡಿ" ಎಂದೆ.

ಮೂಲೆ ಸವೆದು ಪ್ಲಾಸ್ಟಿಕ್ ಎದ್ದಿದ್ದ ಕಾರ್ಡು. ಹಸಿರು ನೈಟಿ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತ ಅವರದ್ದೇ ಫೋಟೋ.

ತುಂಬ ಹೊತ್ತು ನೋಡಿದರು. ಆಮೇಲೆ "ಇದನ್ನು ಕೊಟ್ಟರೆ ಎಲ್ಲಿದ್ದರೂ ಎದ್ದು ಬರಬೇಕು ಅಂತ ಥೆರಪಿಯಲ್ಲಿ ಹೇಳಿದ್ದಾರೆ" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅವನು ಕೊಟ್ಟರೆ ಗ್ಯಾಸ್ ಆರಿಸಿ ಓಡಿ ಬರ್ತೇನೆ ಮೇಡಂ. ಇವಳು ಅದನ್ನು ನೋಡ್ತಾ ಇದ್ದಳು."

ಕಾರ್ಡು ಕೆಲಸ ಮಾಡುವುದೇ ಹಾಗೆ. ಮಗು ಕಾರ್ಡು ಕೊಟ್ಟ ಕೂಡಲೇ ಕೇಳಿದ್ದು ಸಿಗಬೇಕು. ಆಗಲೇ "ನಾನು ಹೇಳಿದರೆ ಆಗುತ್ತದೆ" ಎಂಬುದು ಅದಕ್ಕೆ ಗೊತ್ತಾಗುವುದು. ಆ ತಾಯಿ ಅದನ್ನು ಎರಡು ವರ್ಷ ತಪ್ಪದೆ ಮಾಡಿದ್ದರು. ಅದೇ ಮನೆಯಲ್ಲಿ ಮಾತು ಬರುವ ಮಗುವಿಗೆ ಮಾತಾಡಿದರೆ ಯಾರೂ ತಿರುಗುವುದಿಲ್ಲ ಎಂದು ಗೊತ್ತಾಗಿತ್ತು. ಮುಚ್ಚಳ ಒದ್ದರೆ ಎಲ್ಲರೂ ತಿರುಗುತ್ತಾರೆ ಎಂಬುದೂ ಗೊತ್ತಾಗಿತ್ತು.

ನಾನು ಕೊಟ್ಟ ಸಲಹೆಯಲ್ಲಿ ಹೊಸತೇನೂ ಇಲ್ಲ. ಅವಳು ಕರೆದರೆ ಎದ್ದು ಹೋಗಲು ಆಗದಿದ್ದರೂ ಮುಖ ತಿರುಗಿಸಿ, "ಕೇಳಿಸಿತು, ಅಣ್ಣನಿಗೆ ಚಡ್ಡಿ ಹಾಕಿ ಬರ್ತೇನೆ" ಎನ್ನಿ. ಹೇಳಿದ ಮೇಲೆ ಹೋಗಲೇಬೇಕು. ಬೊಡ್ಚಿ ಎನ್ನುವುದು ಆ ವಯಸ್ಸಿನ ಸಹಜ ಮಾತು. ಸಿಟ್ಟು ತಡೆದುಕೊಳ್ಳುವ ಮಿದುಳಿನ ಭಾಗ ಪೂರ್ತಿ ಬೆಳೆಯುವಾಗ ವಯಸ್ಸು ಇಪ್ಪತ್ತು ದಾಟಿರುತ್ತದೆ, ಇವಳಿಗೆ ಇನ್ನೂ ಎರಡೂವರೆ. ಅಂಗಿ ಹಾಕಬೇಕಾ ಎಂದು ಕೇಳಬೇಡಿ, ಕೆಂಪು ಅಂಗಿಯೋ ಹಳದಿ ಅಂಗಿಯೋ ಎಂದು ಕೇಳಿ. ಅಣ್ಣ ಮುಟ್ಟಬಾರದ, ಅವಳದ್ದೇ ಆದ ಒಂದು ಡಬ್ಬ ಇರಲಿ. ಅದರಲ್ಲಿರುವುದನ್ನು ಹಂಚಿಕೋ ಎಂದು ಯಾರೂ ಹೇಳಬಾರದು. ಅವನ ಮುಚ್ಚಳದ ಸಾಲನ್ನು ಅವಳು ಮುಟ್ಟಬಾರದು. ಇಬ್ಬರಲ್ಲಿ ಯಾರು ಹೊಡೆದರೂ ಕೈ ಹಿಡಿದು ತಡೆಯಬೇಕು. ಅವನಿಗೆ ಗೊತ್ತಾಗುವುದಿಲ್ಲ ಎಂದು ಬಿಡುವುದು ಅವನಿಗೂ ಅನ್ಯಾಯ.

ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾಯಿತು. ಇಬ್ಬರ ಕಿರುಚಾಟ ಕೇಳಲು ಒಂದೇ ಥರ, ಆದರೆ ಒಂದೇ ಅಲ್ಲ. ಕುಕ್ಕರ್ ಸೀಟಿ, ಮಿಕ್ಸಿ ಸದ್ದಿಗೆ ದೊಡ್ಡವನು ಕಿರುಚುವಾಗ ಅವನಿಗೆ ಯಾರಿಂದಲೂ ಏನೂ ಬೇಕಾಗಿರುವುದಿಲ್ಲ. ಸದ್ದು ಅವನ ತಡೆಯುವ ಶಕ್ತಿ ಮೀರಿರುತ್ತದೆ. ಮಿಕ್ಸಿ ಆರಿಸಬೇಕು, ಬೆಳಕು ತಗ್ಗಿಸಬೇಕು, ಮಾತು ಕಡಿಮೆ ಮಾಡಬೇಕು. ಚಿಕ್ಕವಳು ಕಿರುಚುವುದು ಏನೋ ಬೇಕಾಗಿ. ಹತ್ತಿರ ಕೂರಬೇಕು, ಆದರೆ ಕೊಡಬಾರದ್ದನ್ನು ಅಳುತ್ತಾಳೆ ಅಂತ ಕೊಡಬಾರದು. ಈ ಮನೆಯಲ್ಲಿ ಅದಲುಬದಲಾಗಿತ್ತು. ಅವನಿಗೆ ಬೈಗುಳ, ಇವಳಿಗೆ ಮೊಬೈಲು.

ಎಲ್ಲಕ್ಕಿಂತ ಜಾಸ್ತಿ ವಿರೋಧ ಬಂದದ್ದು ಇನ್ನೊಂದು ಸಲಹೆಗೆ. ದಿನಾ ಕಾಲು ಗಂಟೆ ಬಾಗಿಲು ಹಾಕಿಕೊಂಡು ಮಗಳ ಜೊತೆ ಮಾತ್ರ ಇರಿ ಎಂದೆ. ಆ ಕಾಲು ಗಂಟೆಯನ್ನು ಮಗನ ಮನೆ ಅಭ್ಯಾಸದಿಂದಲೇ ತೆಗೆಯಿರಿ ಎಂದೂ ಹೇಳಿದೆ. ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು, ಥೆರಪಿ ಹೊತ್ತು ಕತ್ತರಿಸಲು ನೀವು ಯಾರು ಅಂತ. ಕೇಳಬೇಕಾದ ಪ್ರಶ್ನೆಯೇ. ಅವನ ಥೆರಪಿಸ್ಟನ್ನು ಮೊದಲು ಕೇಳಿಯೇ ಹೇಳಿದ್ದು, ಥೆರಪಿಯ ಮೂರು ದಿನಗಳನ್ನು ನಾನು ಮುಟ್ಟಿಲ್ಲ. ಮತ್ತೆ, ಆ ಎರಡು ಗಂಟೆ ಹೇಗಿತ್ತು ಎಂದು ತಾಯಿಯೇ ಹೇಳಿದ್ದರು. ಒಂದು ಕಣ್ಣು ಮಗನ ಮೇಲೆ, ಒಂದು ಕಣ್ಣು ಬಾಗಿಲು ಬಡಿಯುವ ಮಗಳ ಮೇಲೆ. ಅಂಥ ಎರಡು ಗಂಟೆಗಿಂತ ನೆಮ್ಮದಿಯ ಒಂದು ಮುಕ್ಕಾಲು ಗಂಟೆ ಅವನಿಗೂ ಒಳ್ಳೆಯದು. ಇದನ್ನು ನಾನು ಇವತ್ತೂ ಹೇಳುತ್ತೇನೆ.

ಅಜ್ಜಿಯ ಮಾತು ಬೇರೆ. "ಅವನು ಪಾಪ ಹಾಗೆ ಇದ್ದಾನೆ. ಇವಳು ಸ್ವಲ್ಪ ಬಿಟ್ಟುಕೊಟ್ಟರೆ ಎಂತ ಆಗ್ತದೆ ಮೇಡಂ? ನಾಳೆ ಅವನನ್ನು ನೋಡಿಕೊಳ್ಳಬೇಕಾದವಳು ಇವಳೇ ಅಲ್ವಾ? ಅದಕ್ಕೇ ದೇವರು ಕೊಟ್ಟದ್ದು."

ಮನೆಗೆ ಬರುವ ನೆಂಟರೂ ಇದನ್ನೇ ಮಗುವಿನ ಕೆನ್ನೆ ಹಿಂಡಿ ಹೇಳುತ್ತಾರಂತೆ. ಅಜ್ಜಿಯ ಕಣ್ಣಲ್ಲಿ ನೀರಿತ್ತು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಅದರ ಭಾರ ಎರಡೂವರೆ ವರ್ಷದವಳ ಹೆಗಲಿಗಲ್ಲ. ಈ ಹೆದರಿಕೆಗೆ ದೊಡ್ಡವರು ಇವತ್ತೇ ಮಾಡಬಹುದಾದ ಕೆಲಸಗಳಿವೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡು, ಅವನಿಗೆ ಇನ್ನೂ ಮಾಡಿಸಿರಲಿಲ್ಲ. ಆಟಿಸಂನಂಥ ಸ್ಥಿತಿ ಇರುವವರಿಗಾಗಿ ಕೇಂದ್ರ ಸರ್ಕಾರ ಮಾಡಿದ ಸಂಸ್ಥೆ ನ್ಯಾಷನಲ್ ಟ್ರಸ್ಟ್. ಅದರ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಉಂಟು. 18 ತುಂಬಿದ ಮೇಲೆ ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಅದಕ್ಕೆ ಜಿಲ್ಲಾ ಮಟ್ಟದಲ್ಲೇ ಸಮಿತಿ ಇರುತ್ತದೆ. ತಂಗಿ ದೊಡ್ಡವಳಾಗಿ ತಾನೇ ಮುಂದೆ ಬಂದರೆ ಬರಲಿ. ಅಲ್ಲಿಯವರೆಗೆ ಆ ಮಾತು ಅವಳ ಕಿವಿಗೆ ಬೀಳಬಾರದು. ನೆಂಟರಿಗೆ ಏನು ಹೇಳುವುದು ಎಂದು ತಾಯಿ ಕೇಳಿದರು. "ಅವಳು ಅವಳಾಗಿ ಹುಟ್ಟಿದ್ದು ಅಂತ ಹೇಳಿ" ಎಂದೆ.

ಜೂನ್ 1ರಿಂದ ಜುಲೈ 31ರವರೆಗೆ, ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ರಜೆ ನಮಗೆ ಅನುಕೂಲವಾಯಿತು. ಸಂಜೆ ಅಪ್ಪ ಮಗನನ್ನು ಕರೆದುಕೊಂಡು ಬೋಟು ನಿಲ್ಲಿಸಿದ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಬಲೆಗೆ ಕಟ್ಟುವ ಗುಂಡುಗಳನ್ನು ಸಾಲಾಗಿ ಇಡುವುದೆಂದರೆ ಅವನಿಗೆ ಇಷ್ಟ. ಆ ಹೊತ್ತಿಗೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮೊದಲ ವಾರ ಮಗಳು ಆಟವನ್ನೇ ಆಡಲಿಲ್ಲವಂತೆ. ತಾಯಿಯ ಮಡಿಲಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳಂತೆ.

ಆಗಸ್ಟಿನಲ್ಲಿ ಅಪ್ಪ ಪುನಃ ಬೋಟಿಗೆ ಹೋದರು. ಇನ್ನು ನಿಂತುಹೋಗುತ್ತದೆ ಎಂದು ನನಗೆ ಹೆದರಿಕೆ ಇತ್ತು. ಸೆಪ್ಟೆಂಬರಿನಲ್ಲಿ ತಾಯಿ ಫೋನ್ ಮಾಡಿದರು. ಹಠ ಹೋಗಿಲ್ಲ, ಗಂಜಿ ಬಟ್ಟಲು ಈಗಲೂ ಉರುಳುತ್ತದೆ. ಅಣ್ಣನ ಮುಚ್ಚಳ ಒದೆಯುವುದು ಕಡಿಮೆಯಾಗಿದೆ. ಆಮೇಲೆ ಹಿಂದಿನ ದಿನ ನಡೆದದ್ದು ಹೇಳಿದರು. ಇಬ್ಬರೂ ಕೋಣೆಯಲ್ಲಿದ್ದಾಗ ಅಜ್ಜಿ ಹೊರಗಿನಿಂದ ಬಾಗಿಲು ತಟ್ಟಿ, ಅವನು ನಿನ್ನನ್ನು ಕೇಳ್ತಿದ್ದಾನೆ ಎಂದರಂತೆ. ತಾಯಿ ಏಳಲು ಹೊರಟಾಗ ಮಗಳು ಸೆರಗು ಹಿಡಿದು, "ಅಜ್ಜೀ, ಈಗ ನಂದು!" ಎಂದು ಕೂಗಿದಳಂತೆ.

"ನೀವು ಎದ್ದಿರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಐದು ನಿಮಿಷ ಬಾಕಿ ಇತ್ತು. ಅತ್ತೆಯೇ ಅವನಿಗೆ ನೀರು ಕೊಟ್ಟರು."