ಮನಸ್ಸಿನ ಪಾಠವನ್ನು ಎಲ್ಲಿಂದ ಆರಂಭಿಸುವುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಗೆ ವಾರಕ್ಕೊಂದು ಅವಧಿ ಮಾನಸಿಕ ಆರೋಗ್ಯದ ಪಾಠ ಮಾಡಲು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೆಲವು ಪೋಷಕರು, ‘ಇಲ್ಲದ ಕಾಯಿಲೆಯನ್ನು ಮಕ್ಕಳ ತಲೆಗೆ ತುಂಬಬೇಡಿ’ ಎಂದರು. ಅವರ ಆತಂಕದಲ್ಲಿ ಹುರುಳಿದೆಯೇ? ಪಾಠವನ್ನು ಹೇಗೆ ಆರಂಭಿಸಲಿ? ಮಕ್ಕಳು ಗುಟ್ಟಾಗಿ ಏನಾದರೂ ಹೇಳಿಕೊಂಡರೆ ಏನು ಮಾಡಲಿ?

ಉತ್ತರ: ಪೋಷಕರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳನ್ನು ಒಳಗೊಂಡು ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಡೀ ತರಗತಿಗೆ ಕಲಿಸಿದ ‘ಮೈಂಡ್‌ಫುಲ್‌ನೆಸ್’ (ಈ ಕ್ಷಣದ ಅನುಭವದ ಮೇಲೆ ಗಮನವಿಡುವ ಅಭ್ಯಾಸ) ಪಾಠಗಳಿಂದ ನಿರೀಕ್ಷಿಸಿದ ಪ್ರಯೋಜನ ಕಾಣಲಿಲ್ಲ. ಮಕ್ಕಳು ಸದಾ ತಮ್ಮ ಮನಸ್ಸನ್ನೇ ಕೆದಕುತ್ತ ಕೂರುವಂತೆ ಮಾಡುವುದು ನಮ್ಮ ಗುರಿಯಾಗಬಾರದು. ಆದರೆ ‘ಇಲ್ಲದ ಕಾಯಿಲೆ’ ಎಂಬ ಮಾತು ಸರಿಯಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿದ್ದವು; ಐವತ್ತು ಮಕ್ಕಳ ತರಗತಿಯಲ್ಲಿ ಮೂರ್ನಾಲ್ಕು ಮಕ್ಕಳೆಂದಾಯಿತು.

ಖಿನ್ನತೆ, ಗೀಳು, ಸ್ಕಿಜೋಫ್ರೇನಿಯಾ ಎಂದು ಪಟ್ಟಿ ಬರೆಸಿ ಕಂಠಪಾಠ ಮಾಡಿಸುವ ಕ್ರಮ ಬೇಡ. ಹೆಸರು ಕಲಿತ ಮಕ್ಕಳು ಮರುದಿನವೇ ಅದನ್ನು ಪಕ್ಕದವರಿಗೆ ಅಂಟಿಸುತ್ತಾರೆ. ‘ಮೆಂಟಲ್’ ಎಂಬ ಬೈಗುಳದ ಜಾಗಕ್ಕೆ ‘ಡಿಪ್ರೆಶನ್ ಕೇಸು’ ಬರುತ್ತದೆ, ಅಷ್ಟೇ. (ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10ರಂದು ಅತಿಥಿಗಳನ್ನು ಕರೆಸಿ ಭಾಷಣ ಮಾಡಿಸುವುದರಿಂದಲೂ ನನಗೆ ಹೆಚ್ಚಿನ ನಿರೀಕ್ಷೆಯಿಲ್ಲ.) ಬದಲಿಗೆ ಎರಡು ಸನ್ನಿವೇಶ ಕೊಡಿ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿ ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಕಬಡ್ಡಿಗೆ ಬಂದ ಹುಡುಗ ಒಬ್ಬ. ಮೂರು ವಾರದಿಂದ ಖೋಖೋ ಬಿಟ್ಟು, ಬಿಸಿಯೂಟವನ್ನು ಅರ್ಧಕ್ಕೇ ಚೆಲ್ಲಿ, ಬೆಳಗಾದರೆ ಹೊಟ್ಟೆನೋವೆಂದು ಶಾಲೆ ತಪ್ಪಿಸುವ ಹುಡುಗಿ ಇನ್ನೊಬ್ಬಳು. ಇಬ್ಬರಿಗೂ ಇರುವ ವ್ಯತ್ಯಾಸವೇನು, ಆಕೆಯೊಡನೆ ಹೇಗೆ ಮಾತು ತೆಗೆಯುತ್ತೀರಿ, ಯಾವ ದೊಡ್ಡವರಿಗೆ ತಿಳಿಸುತ್ತೀರಿ ಎಂದು ಗುಂಪುಗಳಲ್ಲಿ ಚರ್ಚೆಯಾಗಲಿ. ಬೇಸರ ಎಲ್ಲರಿಗೂ ಬರುತ್ತದೆ; ಅದು ಎರಡು ವಾರ ಕಳೆದರೂ ಬಿಡದೆ ಊಟ, ನಿದ್ದೆ, ಓದು, ಒಡನಾಟವನ್ನು ಕೆಡಿಸುತ್ತಿದ್ದರೆ ಸಹಾಯ ಕೇಳಬೇಕು ಎಂಬುದು ಅಲ್ಲೇ ಮನದಟ್ಟಾಗುತ್ತದೆ. ಸ್ವಂತ ಅನುಭವವನ್ನು ಎಲ್ಲರೆದುರು ಹೇಳುವಂತೆ ಮಾತ್ರ ಯಾರನ್ನೂ ಒತ್ತಾಯಿಸಬೇಡಿ. ಗಾಳಿ ಸೋಕಿದೆಯೆಂದು ಮನೆಯಲ್ಲಿ ಹರಕೆ ಹೊತ್ತಿರುವುದನ್ನು ಮಗು ಹೇಳಿದರೆ ನಗಬೇಡಿ. ಹರಕೆ ಇರಲಿ, ವೈದ್ಯರನ್ನೂ ಕಾಣಲಿ ಎಂದರೆ ಸಾಕು.

ಗುಟ್ಟಿನ ವಿಷಯದಲ್ಲಿ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಲೇಬೇಡಿ. ‘ನಿನ್ನ ಜೀವಕ್ಕೆ ಅಪಾಯವಿದ್ದರೆ ಅಥವಾ ಯಾರಾದರೂ ನಿನ್ನನ್ನು ಹಿಂಸಿಸುತ್ತಿದ್ದರೆ, ಸಹಾಯ ಮಾಡಬಲ್ಲವರಿಗೆ ನಾನು ತಿಳಿಸಬೇಕಾಗುತ್ತದೆ’ ಎಂದು ಮೊದಲ ದಿನವೇ ಹೇಳಿಬಿಡಿ. ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಇದೆ. ಸಾಯುವ ಮಾತು ಮಗುವಿನ ಬಾಯಲ್ಲಿ ಬಂದರೆ, ಹಾಗೆ ಅನ್ನಿಸುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ, ಮನೆಯ ಹಿರಿಯರೊಬ್ಬರನ್ನು ಕರೆಸಿ, ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಟು ಮಾಡಬೇಕು.

ಮೊದಲ ಅವಧಿಗೆ ಮುನ್ನವೇ, ನಿಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ, ಹದಿಹರೆಯದವರ ಸ್ನೇಹಾ ಕ್ಲಿನಿಕ್ ಎಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಮಕ್ಕಳ ದಿನಚರಿಯ ಮೊದಲ ಪುಟದಲ್ಲಿ ಬರೆಸಿಡಿ.